ಅಮೆರಿಕದಲ್ಲಿ ಫ್ಯಾಕ್ಟರಿ ಬಂದಾದರೆ ಮೊದಲ ವಾರ ಏನು ಮಾಡಬೇಕು

ಹೋದ ತಿಂಗಳು ಒಹಾಯೊದಿಂದ ತಂಗಿಯ ಮಗ ಫೋನ್ ಮಾಡಿದ. "ಮಾಮಾ, ನಮ್ಮ ಪ್ಲಾಂಟ್ ಬಂದ್ ಮಾಡಾಕತ್ತಾರ. ಲೈನ್ ಪೂರಾ ಮೆಕ್ಸಿಕೋಕ್ಕ ಹೊಂಟೈತಿ. ಆವಾಗ ನಿಮಗ ಸರ್ಕಾರದಿಂದ ಕೋರ್ಸಿಗೆ ರೊಕ್ಕ ಬಂದಿತ್ತಲ್ಲ, ಅದಕ್ಕ ಎಲ್ಲಿ ಅರ್ಜಿ ಹಾಕೋದು?"

ನಾನು ಅಮೆರಿಕದಿಂದ ಬೆಳಗಾವಿಗೆ ಮರಳಿ ಎಂಟು ವರ್ಷವಾಯಿತು. ಆದರೂ ಗೋಕಾಕ, ಹುಕ್ಕೇರಿ ಕಡೆಯಿಂದ ಅಲ್ಲಿಗೆ ಹೋದ ಹುಡುಗರ ಮನೆಯವರು ನನ್ನನ್ನು ಇದನ್ನೇ ಕೇಳುತ್ತಾರೆ. ಉದ್ಯಮಬಾಗದ ಫೌಂಡ್ರಿಗಳನ್ನು ನೋಡುತ್ತಾ ಬೆಳೆದವರು ನಾವು. ಒಂದು ಕಡೆ ನಿಂತ ಕೆಲಸ ಇನ್ನೊಂದು ಕಡೆ ಶುರುವಾಗುತ್ತದೆ ಅಂತ ಗೊತ್ತು. ಆದರೆ ನಿಂತ ಕಡೆ ನಮ್ಮ ಹುಡುಗನೇ ಇದ್ದರೆ ಎದೆ ಧಸಕ್ ಅನ್ನುತ್ತದೆ.

ನನಗೆ ಸಿಕ್ಕಿದ್ದ ಯೋಜನೆಯ ಹೆಸರು ಟ್ರೇಡ್ ಅಡ್ಜಸ್ಟ್‌ಮೆಂಟ್ ಅಸಿಸ್ಟೆನ್ಸ್. 1962ರಲ್ಲಿ ಶುರುವಾಗಿ, 1974ರ ಕಾನೂನಿನಿಂದ ದೊಡ್ಡದಾದದ್ದು. ಆಮದಿನಿಂದ ಅಥವಾ ಉತ್ಪಾದನೆ ಹೊರದೇಶಕ್ಕೆ ಹೋದದ್ದರಿಂದ ಕೆಲಸ ಕಳೆದುಕೊಂಡರೆ, ಮೂರು ಜನ ಕಾರ್ಮಿಕರು ಸೇರಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದಿತ್ತು. ಮಂಜೂರಾದರೆ ಕೋರ್ಸಿನ ಫೀಸು, ಓದುವಾಗ ವಾರದ ಹಣ, ಬೇರೆ ಊರಲ್ಲಿ ಕೆಲಸ ಸಿಕ್ಕರೆ ಸಾಗಾಟದ ಖರ್ಚು. ಆ ವಾರದ ಹಣ ಇಲ್ಲದಿದ್ದರೆ ನಲವತ್ತರ ವಯಸ್ಸಲ್ಲಿ ನಾನು ಮತ್ತೆ ಕ್ಲಾಸಿನಲ್ಲಿ ಕೂರಲು ಆಗುತ್ತಿರಲಿಲ್ಲ.

ಈಗ ಅದು ಹೊಸಬರಿಗಿಲ್ಲ. ಅವಧಿ ಮುಗಿದ ಮೇಲೆ ಅಲ್ಲಿನ ಸಂಸತ್ತು ಅದನ್ನು ಮುಂದುವರಿಸಲಿಲ್ಲ. 2022ರ ಜುಲೈ 1ರಿಂದ ಇಲಾಖೆ ಹೊಸ ಮಂಜೂರಾತಿ ಕೊಡುವುದನ್ನು ನಿಲ್ಲಿಸಿತು. ಅದಕ್ಕಿಂತ ಮೊದಲೇ ಮಂಜೂರಾಗಿ, ಮೊದಲೇ ಕೆಲಸ ಹೋದವರಿಗೆ ಮಾತ್ರ ಸೌಲಭ್ಯ ಉಳಿಯಿತು. ವಾಟ್ಸಾಪಿನಲ್ಲಿ ಹಳೆಯ ಮಾಹಿತಿ ಇನ್ನೂ ತಿರುಗುತ್ತಿದೆ. ಅದನ್ನು ನಂಬಿ ಸುಮ್ನೆ ದಿನ ಕಳೆಯಬೇಡಿ.

ಮೊದಲು ಹಾಕಬೇಕಾದ್ದು ನಿರುದ್ಯೋಗ ವಿಮೆಯ ಅರ್ಜಿ. ಕೆಲಸ ಹೋದ ವಾರವೇ ಹಾಕಿ. ನನ್ನ ಗೆಳೆಯನೊಬ್ಬ "ಸರ್ಕಾರದ ಮುಂದೆ ಕೈ ಚಾಚೋದಾ?" ಅಂತ ಮೂರು ವಾರ ಸುಮ್ಮನಿದ್ದ. ಆ ಮೂರು ವಾರದ ಹಣ ಅವನಿಗೆ ಬರಲೇ ಇಲ್ಲ. ಲೆಕ್ಕ ಸಾಮಾನ್ಯವಾಗಿ ಅರ್ಜಿ ಹಾಕಿದ ವಾರದಿಂದ ಶುರು. ಇದು ಭಿಕ್ಷೆಯಲ್ಲ. ನಿಮ್ಮ ಹೆಸರಿನ ಮೇಲೆ ಕಂಪನಿ ಕಟ್ಟಿದ ತೆರಿಗೆಯಿಂದ ಬರುವ ಹಣ. ನಮ್ಮಲ್ಲಿ ಇಎಸ್‌ಐ ಇದ್ದವರು ಕೆಲಸ ಹೋದಾಗ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಲ್ಲಿ ಹಣ ಪಡೆಯುತ್ತಾರಲ್ಲ, ಹಾಗೆಯೇ. ಮನೆ ಇರುವ ರಾಜ್ಯದಲ್ಲಲ್ಲ, ಕೆಲಸ ಮಾಡಿದ ರಾಜ್ಯದಲ್ಲಿ ಅರ್ಜಿ ಹಾಕಬೇಕು. ಹೆಚ್ಚಿನ ರಾಜ್ಯಗಳಲ್ಲಿ 26 ವಾರದವರೆಗೆ ಸಿಗುತ್ತದೆ, ಕೆಲವು ಕಡೆ ಕಡಿಮೆ. ಪ್ರತಿ ವಾರ ಎಲ್ಲೆಲ್ಲಿ ಕೆಲಸ ಹುಡುಕಿದಿರಿ ಅಂತ ಬರೆದಿಡಿ, ಕೇಳುತ್ತಾರೆ. ಈ ಹಣಕ್ಕೂ ಫೆಡರಲ್ ತೆರಿಗೆ ಇದೆ, ಪೂರ್ತಿ ಖರ್ಚು ಮಾಡಬೇಡಿ.

ಆಮೇಲೆ ಹತ್ತಿರದ ಅಮೆರಿಕನ್ ಜಾಬ್ ಸೆಂಟರಿಗೆ, ಅಂದರೆ ಕೆಲಸ ಹುಡುಕಲು ನೆರವಾಗುವ ಸರ್ಕಾರಿ ಕೇಂದ್ರಕ್ಕೆ ಹೋಗಿ. ಅಲ್ಲಿ 'ಡಿಸ್‌ಲೊಕೇಟೆಡ್ ವರ್ಕರ್' (ಪ್ಲಾಂಟ್ ಮುಚ್ಚಿ ಅಥವಾ ಲೇಆಫ್ ಆಗಿ ಕೆಲಸ ಹೋದವರು) ಎಂಬ ಪದವನ್ನೇ ಬಳಸಿ ಕೇಳಿ. 2014ರ ವರ್ಕ್‌ಫೋರ್ಸ್ ಕಾನೂನಿನ ಕೆಳಗೆ ಇಂಥವರ ಕೋರ್ಸಿಗೆ ಹಣವಿದೆ. ಕೆಲಸ ಹೊರದೇಶಕ್ಕೇ ಹೋಗಿರಬೇಕೆಂದಿಲ್ಲ. ಆದರೆ ಹಳೆಯ ಯೋಜನೆಯಷ್ಟು ಉದಾರವಲ್ಲ. ಹಣ ಸೀಮಿತ, ರಾಜ್ಯದ ಪಟ್ಟಿಯಲ್ಲಿರುವ ಕೋರ್ಸಿಗೆ ಮಾತ್ರ. ಕೌನ್ಸೆಲರ್ ಒಪ್ಪುವ ಮುಂಚೆ ಕೈಯಿಂದ ಫೀಸು ಕಟ್ಟಬೇಡಿ. 26 ತುಂಬುವ ಮೊದಲೇ ಗ್ರೀನ್ ಕಾರ್ಡ್ ಮೇಲೆ ಹೋದ ಗಂಡುಮಕ್ಕಳಿಗೆ ಸೆಲೆಕ್ಟಿವ್ ಸರ್ವಿಸ್ (ಬೇಕಾದಾಗ ಸೈನ್ಯಕ್ಕೆ ಕರೆಯಲು ಇಡುವ ಪಟ್ಟಿ) ನೋಂದಣಿಯನ್ನೂ ಕೇಳುತ್ತಾರೆ.

ಕಂಪನಿಯೂ ಕೆಲವು ನಿಯಮ ಪಾಲಿಸಬೇಕು. ನೂರು ಅಥವಾ ಜಾಸ್ತಿ ಜನರಿರುವ ಕಂಪನಿ ಪ್ಲಾಂಟ್ ಮುಚ್ಚಿ ಒಂದೇ ಕಡೆ ಐವತ್ತು ಜನರ ಕೆಲಸ ಹೋಗುವುದಾದರೆ, ಸಾಮಾನ್ಯವಾಗಿ 60 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು. ಕೊನೆಯ ದಿನ ಒಂದಿಷ್ಟು ಹಣ ತೋರಿಸಿ ಪೇಪರ್ ಮುಂದಿಟ್ಟರೆ ಅಲ್ಲೇ ಸಹಿ ಮಾಡಬೇಡಿ. ವಯಸ್ಸು 40 ತುಂಬಿದ್ದು, ಗುಂಪಾಗಿ ತೆಗೆಯುತ್ತಿದ್ದರೆ, ವಯಸ್ಸಿನ ತಾರತಮ್ಯದ ವಿರುದ್ಧದ ಹಕ್ಕು ಬಿಟ್ಟುಕೊಡುವ ಅಂಥ ಪೇಪರ್ ಓದಿ ಯೋಚಿಸಲು 45 ದಿನ ಕೊಡಬೇಕು. ಸಹಿ ಮಾಡಿದ ಮೇಲೂ 7 ದಿನದೊಳಗೆ ಹಿಂದೆ ತೆಗೆದುಕೊಳ್ಳಬಹುದು.

ಆರೋಗ್ಯ ವಿಮೆಗೆ ಕೋಬ್ರಾ ಎಂಬ ಕಾನೂನು ಇದೆ. ಸಾಮಾನ್ಯವಾಗಿ 18 ತಿಂಗಳು ಹಳೆಯ ವಿಮೆಯನ್ನೇ ಇಟ್ಟುಕೊಳ್ಳಬಹುದು, ಆದರೆ ಪೂರ್ತಿ ಪ್ರೀಮಿಯಂ ನಿಮ್ಮದೇ. ತುಂಬಾ ದುಬಾರಿ. ಹಳೆಯ ವಿಮೆ ಹೋದ 60 ದಿನದೊಳಗೆ ಮಾರ್ಕೆಟ್‌ಪ್ಲೇಸ್ (ಸರ್ಕಾರ ನಡೆಸುವ ವಿಮಾ ಮಾರುಕಟ್ಟೆ) ವಿಮೆಯ ದರವನ್ನೂ ನೋಡಿ.

ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿದ್ದವರ ಕಥೆ ಬೇರೆ. ಕೆಲಸ ಹೋದ ಮೇಲೆ ಅವರು ಹೆಚ್ಚೆಂದರೆ 60 ದಿನ ಅಲ್ಲಿರಬಹುದು, ಐ-94 (ಎಲ್ಲಿಯವರೆಗೆ ಇರಬಹುದು ಎಂಬ ದಾಖಲೆ) ಅದಕ್ಕೂ ಮೊದಲೇ ಮುಗಿದರೆ ಅಲ್ಲಿಯವರೆಗೆ ಮಾತ್ರ. ಬೇರೆ ಕೆಲಸಕ್ಕೆ ತಕ್ಷಣ ಸೇರಲು ಅನುಮತಿ ಇರಬೇಕಾದ್ದರಿಂದ ನಿರುದ್ಯೋಗ ವಿಮೆ ಅವರಿಗೆ ಸಿಗುವುದು ಕಷ್ಟ. ಅವರು ಮೊದಲ ದಿನವೇ ವಲಸೆ ವಕೀಲರನ್ನು ಕಾಣಬೇಕು.

ಇಲ್ಲಿರುವ ಅಪ್ಪ ಅಮ್ಮಂದಿರೂ ಒಂದು ಕೆಲಸ ಮಾಡಬಹುದು. ಅಲ್ಲಿ ಕೋರ್ಸಿಗೆ ಸೇರುವಾಗ ಹಳೆಯ ಓದಿನ ಟ್ರಾನ್ಸ್‌ಕ್ರಿಪ್ಟ್ ಕೇಳುವುದುಂಟು. ಮಗ ವಿಟಿಯುದಲ್ಲಿ ಓದಿದ್ದರೆ ಅದಕ್ಕೆ ಈಗಲೇ ಅರ್ಜಿ ಹಾಕಿಸಿ, ಸಮಯ ಹಿಡಿಯುತ್ತದೆ. ನನ್ನ ತಂಗಿ ಟ್ರಂಕಿನಿಂದ ಮಗನ ಮಾರ್ಕ್ಸ್ ಕಾರ್ಡ್ ಎಲ್ಲ ತೆಗೆದಿಟ್ಟಿದ್ದಾಳೆ. ಸೋಮವಾರ ನಾವಿಬ್ಬರೂ ಮಚ್ಛೆಯಲ್ಲಿರುವ ವಿಟಿಯು ಕ್ಯಾಂಪಸ್ ಜ್ಞಾನ ಸಂಗಮಕ್ಕೆ ಹೋಗುತ್ತಿದ್ದೇವೆ.