ಗರ್ಭಿಣಿ ನೀರಿಗಿಳಿಯುವ ಮುನ್ನ: ಮಗುವಿಗೆ ಬಿಸಿ ತಾಗದಿರಲಿ

ಈಜುಕೊಳದ ನೀರು ಬೆಚ್ಚಗಿದ್ದಷ್ಟೂ ಹೊಟ್ಟೆಯಲ್ಲಿರುವ ಮಗುವಿಗೆ ಹಿತ ಎಂದು ಎಷ್ಟೋ ಗರ್ಭಿಣಿಯರು ನಂಬಿದ್ದಾರೆ. ತಪ್ಪಾಗುವುದು ಇಲ್ಲೇ.

ನೀರಿನ ವ್ಯಾಯಾಮಕ್ಕೆ ಮೊದಲ ಹೆಜ್ಜೆ, ವೈದ್ಯರ ಒಪ್ಪಿಗೆ. ರಕ್ತಸ್ರಾವವಾಗುತ್ತಿದ್ದರೆ, ಬಿಪಿ ಏರಿದ್ದರೆ, ಮಾಸು (ಪ್ಲಾಸೆಂಟಾ) ಗರ್ಭಕೋಶದ ಕೆಳಗೆ ಕೂತಿದ್ದರೆ ಅವರನ್ನು ಕೇಳದೆ ಇಳಿಯಲೇಬೇಡಿ.

ಎರಡನೆಯದು ನೀರಿನ ಬಿಸಿ. ಇದಕ್ಕೆ ಸಮಯ ಕೊಡಿ. ಮಗುವಿನ ಮೈ ತಾಯಿಯ ಮೈಗಿಂತ ಸುಮಾರು ಅರ್ಧ ಡಿಗ್ರಿ ಜಾಸ್ತಿ ಬಿಸಿ ಇರುತ್ತದೆ. ಬೆವರಿ ತಣ್ಣಗಾಗಲು ಅದಕ್ಕೆ ಆಗುವುದಿಲ್ಲ. ತನ್ನ ಬಿಸಿಯನ್ನು ಮುಖ್ಯವಾಗಿ ಮಾಸಿನ ಮೂಲಕ ತಾಯಿಯ ರಕ್ತಕ್ಕೆ ದಾಟಿಸುತ್ತದೆ. ತಾಯಿಯ ಮೈಯೇ ಕಾದರೆ ಆ ಬಿಸಿ ಹೋಗುವುದಾದರೂ ಎಲ್ಲಿಗೆ? ಮೊದಲ ಮೂರು ತಿಂಗಳಲ್ಲಿ ಮೆದುಳು, ಬೆನ್ನುಹುರಿ ರೂಪುಗೊಳ್ಳುತ್ತವೆ. ಆಗ ತಾಯಿಯ ಮೈಬಿಸಿ 39 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಬಿಸಿನೀರಲ್ಲಿ ವ್ಯಾಯಾಮ ಮಾಡಿದರೆ ಬೆವರು ಆರುವುದಿಲ್ಲ, ಬೆವರಿದ್ದೂ ಗೊತ್ತಾಗುವುದಿಲ್ಲ. ಕೈ ಅದ್ದಿ ನೋಡಿ ಲೆಕ್ಕ ಹಾಕಬೇಡಿ. ಥರ್ಮಾಮೀಟರ್‌ನಲ್ಲಿ 32 ಡಿಗ್ರಿ ದಾಟಿದ್ದರೆ ಅಂದು ವ್ಯಾಯಾಮ ಬೇಡ. ಇಳಿದ ಕೂಡಲೇ ಸ್ವಲ್ಪ ತಣ್ಣಗೆ ಅನಿಸುವ ನೀರೇ ಸರಿ. ಮೈ ಸಡಿಲವಾಗಲಿ ಎಂದು ಮೊದಲು ಹಾಟ್ ಟಬ್‌ನಲ್ಲೋ ಸ್ಟೀಮ್‌ನಲ್ಲೋ ಕೂರುವ ಅಡ್ಡದಾರಿ ಖಂಡಿತ ಬೇಡ.

ಆಮೇಲೆ ಎದೆಮಟ್ಟದ ನೀರಲ್ಲಿ ನಡೆಯಿರಿ. ಈಜು ಬಂದರೂ ನಾನು ಹೇಳುವುದು ನಡಿಗೆಯನ್ನೇ. ಮೈಭಾರ ಇಳಿಯುತ್ತದೆ. ನೀರಿನ ಒತ್ತಡಕ್ಕೆ ಕಾಲಿನ ಬಾವು ತಗ್ಗುತ್ತದೆ. ಮೂತ್ರ ಜಾಸ್ತಿ ಬಂದರೆ ಗಾಬರಿ ಬೇಡ, ಆ ಬಾವಿನ ನೀರೇ ರಕ್ತಕ್ಕೆ ಮರಳಿ ಹೊರಗೆ ಹೋಗುತ್ತಿರುತ್ತದೆ. ಮಗುವಿನ ಎದೆಬಡಿತ ಸಾಮಾನ್ಯವಾಗಿ ನಿಮಿಷಕ್ಕೆ 110ರಿಂದ 160. ಹದವಾಗಿ ವ್ಯಾಯಾಮ ಮಾಡಿದಾಗ ಅದು ತುಸು ಏರಿ, ನಿಲ್ಲಿಸಿದ ಮೇಲೆ ಮೊದಲಿನಂತಾಗುತ್ತದೆ. ತಾಯಿ ಶಕ್ತಿ ಮೀರಿ ದಣಿದರೆ ಗರ್ಭಕೋಶಕ್ಕೆ ಹೋಗುವ ರಕ್ತ ತೀರಾ ಕಡಿಮೆಯಾಗಬಹುದು.

ಹದ ಎಷ್ಟು? ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮಣಿಕಟ್ಟಿನ ವಾಚು ತೋರಿಸುವ ಅಂಕಿಯನ್ನು ನೆಚ್ಚಬೇಡಿ, ನೀರಲ್ಲಿ ತಾಯಿಯ ಎದೆಬಡಿತ ಹೇಗೂ ಕಡಿಮೆಯೇ ಇರುತ್ತದೆ. ಹೊಟ್ಟೆಗೆ ಬಿಗಿಯುವ ತೇಲುಪಟ್ಟಿಯೂ ಬೇಡ. ಉಸಿರು ಕಟ್ಟಿ ಮುಳುಗಬೇಡಿ. ದಡದಲ್ಲಿ ಕುಡಿಯುವ ನೀರಿರಲಿ.

ಮೇಲೆ ಬರುವಾಗ ಒಂದೊಂದೇ ಮೆಟ್ಟಿಲು, ಕಂಬಿ ಹಿಡಿದು. ನೀರಿನ ಒತ್ತಡ ಒಮ್ಮೆಲೇ ತಪ್ಪಿದರೆ ತಲೆ ಸುತ್ತುತ್ತದೆ. ಮೈ ಒರೆಸಿ ಒಣಬಟ್ಟೆ ಹಾಕಿಕೊಳ್ಳಿ. ಅದೂ ಮತ್ತೆ ಮತ್ತೆ ಒದ್ದೆಯಾಗುತ್ತಿದ್ದರೆ ಕೊಳದ ನೀರು ಅಂದುಕೊಂಡು ಕೂರಬೇಡಿ. ಮಗುವಿನ ಸುತ್ತಲಿನ ನೀರು ಸೋರುತ್ತಿರಬಹುದು. ಆಗ, ಅಥವಾ ಮಗುವಿನ ಓಡಾಟ ಕಡಿಮೆ ಅನಿಸಿದರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯುತ್ತಿದ್ದರೆ, ಮನೆಗೆ ಹೋಗದೆ ನೇರ ಆಸ್ಪತ್ರೆಗೆ ಹೋಗಿ.