ರಾಜಕೀಯ ಬರೀಲಿಕ್ಕೆ ಉಂಟಾ? ಮೊದ್ಲು ಒಬ್ಬ ಕಮಲಕ್ಕನನ್ನು ಹುಡುಕಿ

ನಮ್ಮ ಕಾಸರಗೋಡಿನ ಭಾಷೆ ವಿಷಯ ಬರೀಲಿಕ್ಕೆ ಕೂತ್ರೆ ಹೆಚ್ಚಿನವರು ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ್ಲೇ ಶುರು ಮಾಡ್ತಾರೆ, ಆಮೇಲೆ ಗಡಿ ಎಲ್ಲಿ ಅಂತ ಹೇಳಿದ ಮಹಾಜನ ವರದಿ ಬರ್ತದೆ, ಆ ವರದಿ ಗಡಿ ಅಂದ ಚಂದ್ರಗಿರಿ ಹೊಳೆ ಬರ್ತದೆ, ಅಷ್ಟೊತ್ತಿಗೆ ಓದುವವರು ಪೇಜ್ ತಿರುಗಿಸಿ ಆಗಿರ್ತದೆ. ವಿಷಯ ಸಣ್ಣದಲ್ಲ ಮಾರಾಯ್ರೆ, ಆದ್ರೆ ಅದನ್ನು ಹೊತ್ತುಕೊಂಡು ಬರ್ಲಿಕ್ಕೆ ಒಂದು ಜನ ಬೇಕು.

ಹಾಗಾಗಿ ರಾಜಕೀಯ ಹಾಸ್ಯ ಬರೆಯುವವರ ಮೊದ್ಲ ಕೆಲಸ ಪಾತ್ರ ಹುಡುಕುವುದು. ಎಲ್ಲಿಗೆ ಬೇಕಾದ್ರೂ ಹೋಗಿ ಕೇಳುವಂಥವರು ಆಗ್ಬೇಕು. ಹಾಸ್ಯ ಸಾಹಿತಿ ರಾಶಿಯವರು 1942ರಲ್ಲಿ ಶುರು ಮಾಡಿದ ಹಾಸ್ಯ ಪತ್ರಿಕೆಗೆ ಕೊರವಂಜಿ ಅಂತ ಹೆಸರಿಟ್ಟದ್ದು ನೋಡಿ, ಕಣಿ ಹೇಳುವವಳು ಯಾರ ಬಾಗಿಲಿಗೂ ಹೋಗ್ತಾಳೆ, ಮುಖ ನೋಡಿಯೇ ಹೇಳ್ತಾಳೆ. ಯಕ್ಷಗಾನದ ಹಾಸ್ಯಗಾರನೂ ಹಾಗೇ, ರಾಜ ದೊಡ್ಡ ದೊಡ್ಡ ಮಾತಾಡುವಾಗ ಇವ ದೂತನಾಗಿ ಬಂದು ಮನೆಮಾತಲ್ಲಿ ಒಂದು ಪ್ರಶ್ನೆ ಕೇಳ್ತಾನೆ, ರಾಜನ ಮಾತಿನ ತೂಕ ಎಷ್ಟು ಅಂತ ಅಲ್ಲಿಗೇ ಗೊತ್ತಾಗ್ತದೆ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಊರು ಕುಂಬಳೆಯವರಿಗೆ ಇದನ್ನು ಬೇರೆ ಹೇಳಿಕೊಡ್ಬೇಕಾ?

ನಾನು ಮಾಡ್ಕೊಂಡದ್ದು ಬೀಡಿ ಕಟ್ಟುವ, ಕನ್ನಡ ಮಾತ್ರ ಬರುವ ಕಮಲಕ್ಕನನ್ನು. ಪಾತ್ರ ಸಿಕ್ಕಿದ ಕೂಡ್ಲೇ ಅವರಿಗೆ ಭಾಷಣ ಕೊಡ್ಬೇಡಿ, ಕೈಗೆ ಒಂದು ಕಾಗದ ಕೊಡಿ. ಸರ್ಕಾರಿ ಆಫೀಸಿಂದ ಬಂದ ಮಲಯಾಳದ ಕಾಗದ, ಮಡಿಲಲ್ಲಿ ಎಲೆ ಹೊಗೆಸೊಪ್ಪಿನ ಮೊರ, ಮೊರದ ಅಡಿಯಲ್ಲಿ ಆ ಕಾಗದ ಮೂರು ದಿನ ಇತ್ತು. ಮೊಮ್ಮಗಳು ಅಕ್ಷರ ಓದಿದ್ಳು, ಅರ್ಥ ಅವಳಿಗೂ ಆಗ್ಲಿಲ್ಲ. ಕಡೆಗೆ ಆಫೀಸಿಗೆ ಹೋದ್ರೆ "ಒಪ್ಪಿಗೆ ಇದ್ರೆ ಸೈನ್ ಮಾಡಿ" ಅಂದ್ರು. ಕಮಲಕ್ಕ, "ಎಂತದಕ್ಕೆ ಒಪ್ಪಿಗೆ ಅಂತ ಹೇಳಿ, ಈಗ್ಲೇ ಮಾಡ್ತೇನೆ". ಇಷ್ಟೇ. ಇದ್ರ ಕೆಳಗೆ ನೀವು ಅರ್ಧ ಪುಟ ಸಿಟ್ಟು ಬರೆದ್ರೆ ಇದೂ ಹಾಳು.

ಪಾತ್ರ ಕಲ್ಪನೆ ಆಗ್ಬಹುದು, ಕಾನೂನು ಆಗ್ಬಾರ್ದು. ಸಂವಿಧಾನದ 350ನೇ ವಿಧಿ ಪ್ರಕಾರ ಕುಂದುಕೊರತೆ ಅರ್ಜಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದ್ರೂ ಕೊಡ್ಬಹುದು, ಉತ್ತರ ಯಾವ ಭಾಷೆಯಲ್ಲಿ ಬರ್ಬೇಕು ಅಂತ ಆ ವಿಧಿಯಲ್ಲಿ ಇಲ್ಲ. ಕಮಲಕ್ಕ ಕೇಳುವುದೂ ಅದನ್ನೇ, "ನಾನು ಕನ್ನಡದಲ್ಲಿ ಕೇಳಿದ್ದು ನಿಮ್ಗೆ ಅರ್ಥ ಆಗಿದೆ, ನೀವು ಹೇಳಿದ್ದು ನನ್ಗೆ ಯಾವಾಗ ಅರ್ಥ ಆಗುವುದು?" ನಗು ಬರುವುದು ಹಿಂದೆ ಆ ವಿಧಿ ಇರುವುದ್ರಿಂದ.

ಇನ್ನೊಂದು, ಇದು ನನ್ಗೆ ತುಂಬಾ ಮುಖ್ಯ. ನಗು ಯಾರ ಮೇಲೆ ಬೀಳ್ತದೆ ಅಂತ ನೋಡಿ. ಮೊದಮೊದ್ಲು ನಾನು ಗುಮಾಸ್ತನ ಮಲಯಾಳಿ ಉಚ್ಚಾರವನ್ನು ತಮಾಷೆ ಮಾಡಿ ಬರೆದಿದ್ದೆ, ಪಕ್ಕದ ಮನೆಯ ಮಲಯಾಳಿ ಮೇಷ್ಟ್ರು ಓದಿ ಏನೂ ಹೇಳ್ಲಿಲ್ಲ, ಪೇಪರ್ ಮಡಚಿಟ್ರು, ಅದು ಈಗ್ಲೂ ಕಣ್ಣಲ್ಲಿ ಉಂಟು. ಆ ಗುಮಾಸ್ತನಿಗೂ ಮೇಲಿಂದ ಬಂದ ಆರ್ಡರೇ, ಹೊಡೀಬೇಕಾದ್ದು ಆ ಆರ್ಡರಿಗೆ.

ಮಾತು ಕಡಿಮೆ ಆದ್ರೂ ನಡೀತದೆ, 1951ರಿಂದ ಆರ್.ಕೆ. ಲಕ್ಷ್ಮಣ್ ವ್ಯಂಗ್ಯಚಿತ್ರದಲ್ಲಿ ಬರೆದ ಶ್ರೀಸಾಮಾನ್ಯ ಬಾಯಿ ಬಿಡದೆ ಸುಮ್ನೆ ನಿಂತು ನೋಡಿದ್ದೇ ಸಾಕಾಯ್ತು.

ಕಳಿಸುವ ಮೊದ್ಲು ಯಾರಿಗಾದ್ರೂ ಗಟ್ಟಿಯಾಗಿ ಓದಿ. ನಾನು ನಮ್ಮ ಓಣಿಯಲ್ಲಿ ಬೀಡಿ ಕಟ್ಟುವ ಅಕ್ಕನಿಗೆ ಓದ್ತೇನೆ, ಅವರ ಕೈ ಒಂದು ಕ್ಷಣ ನಿಂತ್ರೆ ಆ ಲೈನ್ ಇಡ್ತೇನೆ, ಇಲ್ಲದಿದ್ರೆ ತೆಗೀತೇನೆ.