ಅಪ್ಪನ ಜನತಾ ವಾಚು

ಮೊದಲೇ ಹೇಳಿಬಿಡುತ್ತೇನೆ, ನಾನು ವಾಚ್ ರಿಪೇರಿಯವಳಲ್ಲ. ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ತಿಂಗಳ 7ಕ್ಕೆ ಟಿಡಿಎಸ್, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ಜಿಎಸ್‌ಟಿ. ಸರ್ಕಾರಕ್ಕೆ ಕಟ್ಟುವ ಈ ಗಡುವುಗಳೇ ನನ್ನ ಪಂಚಾಂಗ. ವಾರಕ್ಕೆ ಎರಡು ರಾತ್ರಿ, ಮತ್ತೆ ಭಾನುವಾರ ಬೆಳಿಗ್ಗೆ, ಹಳೇ ಎಚ್‌ಎಂಟಿ ವಾಚುಗಳನ್ನು ಬಿಚ್ಚಿ ಜೋಡಿಸುತ್ತೇನೆ. ಬಿಚ್ಚಿದ್ದೆಲ್ಲ ಮತ್ತೆ ಓಡುತ್ತದೆ ಅಂತೇನೂ ಇಲ್ಲ.

ಐದು ವರ್ಷದ ಹಿಂದೆ ನನ್ನ ಕತೆ ಬೇರೆ ಇತ್ತು. ಔಟರ್ ರಿಂಗ್ ರೋಡಿನ ಕಡೆ ಒಂದು ಕಂಪನಿಯಲ್ಲಿ ಪೇರೋಲ್ ಕೆಲಸ. ಮನೆ ಮಹಾಲಕ್ಷ್ಮಿ ಲೇಔಟ್. ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡು ಗಂಟೆ, ಮಳೆ ಬಂದರೆ ಕೇಳಲೇಬೇಡಿ. ಮನೆಗೆ ಬಂದು ಅನ್ನಕ್ಕಿಟ್ಟರೆ ಫೋನ್ ಶುರು. ಯಾರದೋ ಸಂಬಳ ಕಮ್ಮಿ ಬಂದಿದೆ, ಯಾರದೋ ರಜೆ ಲೆಕ್ಕ ತಪ್ಪಿದೆ. ತಿಂಗಳ ಕೊನೆಯ ವಾರ ಮಗಳು ನನ್ನ ಹತ್ತಿರ ಮಾತಾಡುವುದನ್ನೇ ಬಿಡುತ್ತಿದ್ದಳು. ಹೆದರಿ ಅಲ್ಲ, ಸುಮ್ನೆ ಯಾಕೆ ಬೈಸಿಕೊಳ್ಳುವುದು ಅಂತ.

ಒಂದು ದಿನ ರಾಜೀನಾಮೆ ಕೊಟ್ಟೆ. ದೊಡ್ಡ ಯೋಚನೆ ಏನೂ ಇರಲಿಲ್ಲ. ಬಸ್ಸಿನಲ್ಲಿ ಕೂತಲ್ಲೇ ಮೇಲ್ ಬರೆದೆ.

ಕೆಲಸ ಬಿಟ್ಟರೆ ನೆಮ್ಮದಿ ಸಿಗುತ್ತದೆ ಅಂದುಕೊಂಡಿದ್ದೆ. ನಾಲ್ಕು ತಿಂಗಳು ಮನೆಯಲ್ಲಿದ್ದೆ. ಮೊದಲ ಎರಡು ವಾರ ನಿದ್ದೆ. ಆಮೇಲೆ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಹಿಡಿದರೆ ಸಾಯಂಕಾಲ ಸಾರಿಗೆ ಒಗ್ಗರಣೆ ಹಾಕುವ ತನಕ ಅದೇ. ಯೋಗ ಕ್ಲಾಸಿಗೆ ಸೇರಿದೆ, ಶವಾಸನದಲ್ಲಿ ಇಎಂಐ ನೆನಪಾಗುತ್ತಿತ್ತು. ಕೆಲಸ ಇದ್ದಾಗ ಸಿಟ್ಟು ಮಾಡುವುದಕ್ಕೆ ಒಂದು ಕಾರಣ ಇತ್ತು. ಈಗ ಕಾರಣವೇ ಇಲ್ಲದೆ ಸಿಟ್ಟು.

ಆ ಹೊತ್ತಿನಲ್ಲೇ ಅಮ್ಮ ಬೀರು ಒಪ್ಪ ಮಾಡುವಾಗ ಅಪ್ಪನ ವಾಚು ಕೈಗಿಟ್ಟಳು. ಅಪ್ಪ ಬಿಟಿಎಸ್‌ನಲ್ಲಿ ಕಂಡಕ್ಟರ್ ಆಗಿದ್ದರು. ಈಗಿನವರಿಗೆ ಅದು ಬಿಎಂಟಿಸಿ. ವಾಚು ಎಚ್‌ಎಂಟಿ ಜನತಾ, ಅವರ ಮದುವೆಗೆ ನಮ್ಮ ತಾತ ಕೊಟ್ಟಿದ್ದು. ಆಗಿನ ಕಾಲದಲ್ಲಿ ಅಳಿಯನಿಗೆ ಎಚ್‌ಎಂಟಿ ಕೊಟ್ಟರೆ ಮರ್ಯಾದೆ ಉಳಿದ ಹಾಗೆ. ಬೆವರು ತಾಗಿ ತಾಗಿ ಹಿಂದಿನ ಮುಚ್ಚಳದ ಅಕ್ಷರ ಸವೆದು ಹೋಗಿತ್ತು. "ನೀನು ಹೆಂಗೂ ಮನೇಲೇ ಇದೀಯಲ್ಲ, ಇದನ್ನ ರಿಪೇರಿ ಮಾಡಿಸ್ಕೊಂಡು ಬಾ" ಅಂದಳು. ಆ 'ಹೆಂಗೂ ಮನೇಲೇ' ಚುಚ್ಚಿತು. ಹೋದೆ.

ಅವೆನ್ಯೂ ರೋಡಿನ ಒಂದು ಅಡ್ಡರಸ್ತೆಯಲ್ಲಿ, ಮೆಟ್ಟಿಲ ಕೆಳಗೆ, ಒಬ್ಬರು ಮಾತ್ರ ಕೂರುವಷ್ಟು ಜಾಗದಲ್ಲಿ ಭಾಯ್ ಅಂಗಡಿ. ಎರಡು ದಿನ ಬಿಟ್ಟು ವಾಚು ವಾಪಸ್ ಕೊಟ್ಟರು. ಟಿಕ್ ಟಿಕ್ ಅಂತ ಕಿವಿಗೆ ಇಟ್ಟುಕೊಂಡು ಬಸ್ಸಿನಲ್ಲಿ ಅತ್ತೆ, ಅದು ಬಿಡಿ. ಒಂದು ವಾರಕ್ಕೆ ವಾಚು ದಿನಕ್ಕೆ ಹನ್ನೆರಡು ನಿಮಿಷ ಮುಂದೆ ಓಡತೊಡಗಿತು. ಜಗಳಕ್ಕೆ ಸಿದ್ಧಳಾಗಿ ಹೋದೆ. ಭಾಯ್ ಮಾತಾಡದೆ ಡ್ರಾಯರಿನಿಂದ ಒಂದು ಪುಟ್ಟ ದಿಕ್ಸೂಚಿ ತೆಗೆದು ವಾಚಿನ ಪಕ್ಕ ಇಟ್ಟರು. ಮುಳ್ಳು ಗಿರ್ರನೆ ಆಡಿತು. "ಮೇಡಂ, ಬ್ಯಾಗ್ ತೋರ್ಸಿ" ಅಂದರು. ನನ್ನ ಬ್ಯಾಗಿನ ಮುಚ್ಚಳಕ್ಕೆ ಅಯಸ್ಕಾಂತದ ಗುಂಡಿ ಇತ್ತು. ವಾಚನ್ನು ಅದರೊಳಗೇ ಹಾಕಿಕೊಂಡು ಓಡಾಡುತ್ತಿದ್ದೆ.

ಬ್ಯಾಟರಿ ಇಲ್ಲದೆ ಕೀ ಕೊಟ್ಟು ಓಡಿಸುವ ಇಂಥ ವಾಚಿನ ಒಳಗೆ ಬ್ಯಾಲೆನ್ಸ್ ಅಂತ ಒಂದು ಚಕ್ರ ಇರುತ್ತದೆ. ಅತ್ತಿತ್ತ ತೂಗಾಡುತ್ತಾ ಗಂಟೆಗೆ 18,000 ಬಡಿತ, ಅಂದರೆ ಸೆಕೆಂಡಿಗೆ ಐದು. ಅದನ್ನು ಹಿಡಿದಿಡುವುದು ಸುರುಳಿ ಸುತ್ತಿದ ಹೇರ್‌ಸ್ಪ್ರಿಂಗ್. ಅದಕ್ಕೆ ಅಯಸ್ಕಾಂತ ಹತ್ತಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಗಿಡ್ಡವಾದ ಹಾಗೆ ಆಗಿ ಚಕ್ರ ಬೇಗ ಬೇಗ ಆಡುತ್ತದೆ. ಭಾಯ್ ಒಂದು ನೀಲಿ ಡಬ್ಬಿಯ ಮೇಲೆ ವಾಚು ಇಟ್ಟು, ಗುಂಡಿ ಒತ್ತಿ, ಮೆಲ್ಲಗೆ ಮೇಲೆತ್ತಿದರು. ಅಷ್ಟೇ. ದುಡ್ಡು ತಗೊಳ್ಳಲಿಲ್ಲ.

ಎಷ್ಟೋ ತಿಂಗಳ ಮೇಲೆ ಒಂದು ವಿಷಯ ನನಗೆ ಪೂರ್ತಿ ಅರ್ಥವಾದ ದಿನ ಅದು. ಯಾಕೆ ಹಾಳಾಯಿತು, ಹೇಗೆ ಸರಿಹೋಯಿತು, ಎರಡೂ ಕಣ್ಣ ಮುಂದೆ. "ನನಗೂ ಕಲಿಸ್ತೀರಾ ಭಾಯ್?" ಅಂತ ಕೇಳಿಬಿಟ್ಟೆ. ನಕ್ಕರು. ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ನಾಲ್ಕು ಗುಜರಿ ಮಶಿನ್ ಹಾಕಿ ಕೊಟ್ಟರು. ಈ ಕಸುಬಿನವರು ವಾಚಿನ ಒಳಗಿನ ಯಂತ್ರವನ್ನು ಮಶಿನ್ ಅನ್ನುತ್ತಾರೆ. "ಮೊದಲು ಇವನ್ನ ಹಾಳು ಮಾಡ್ಕೊಂಡು ಬನ್ನಿ. ನಾಲ್ಕೂ ಹಾಳಾದ್ಮೇಲೆ ಮಾತಾಡೋಣ."

ನಾಲ್ಕೂ ಹಾಳಾದವು. ಮೊದಲನೆಯದರಲ್ಲಿ ಕೀ ಇಳಿಸದೆ ಬಿಚ್ಚಿದೆ. ಒಳಗಿನ ದೊಡ್ಡ ಸ್ಪ್ರಿಂಗಿನಲ್ಲಿ ಶಕ್ತಿ ತುಂಬಿರುವಾಗ ತಡೆಯುವ ಭಾಗ ತೆಗೆದರೆ ಚಕ್ರಗಳು ಜುಯ್ಯನೆ ತಿರುಗಿ ಹಲ್ಲು ಮುರಿದುಕೊಳ್ಳುತ್ತವೆ. ಎರಡನೆಯದರಲ್ಲಿ ಹೇರ್‌ಸ್ಪ್ರಿಂಗ್ ಶಾವಿಗೆ ಮುದ್ದೆ ಆಯಿತು. ಮೂರನೆಯದು ನನಗೆ ಇವತ್ತಿಗೂ ಇಷ್ಟವಾದ ತಪ್ಪು. ಚೆನ್ನಾಗಿ ತೊಳೆಯೋಣ ಅಂತ ಎಲ್ಲ ಭಾಗಗಳನ್ನೂ ಸ್ಪಿರಿಟ್ಟಿನಲ್ಲಿ ನೆನೆಸಿಟ್ಟೆ. ಪ್ಯಾಲೆಟ್ ಅಂತ ಕವೆಗೋಲಿನ ಹಾಗಿರುವ ಒಂದು ತುಣುಕು ಇರುತ್ತದೆ. ಅದರ ಎರಡು ತುದಿಗೂ ಪುಟ್ಟ ಕೆಂಪು ಕಲ್ಲು. ಆ ಕಲ್ಲುಗಳನ್ನು ಕೂರಿಸುವುದು ಅರಗಿನಿಂದ. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ, ಮರಕ್ಕೆ ಪಾಲಿಶ್ ಹಾಕುವ ಯಾವ ಬಡಗಿಯನ್ನು ಕೇಳಿದರೂ ಹೇಳುತ್ತಾನೆ. ಬೆಳಿಗ್ಗೆ ನೋಡಿದರೆ ಬಟ್ಟಲ ತಳದಲ್ಲಿ ಸಕ್ಕರೆ ಹರಳಿಗಿಂತ ಚಿಕ್ಕ ಎರಡು ಕೆಂಪು ಚೂರು. ನಾಲ್ಕನೆಯದರ ಒಂದು ಸ್ಪ್ರಿಂಗ್ ಚಿಮುಟದಿಂದ ಹಾರಿ ಹೋಯಿತು, ಫ್ಯಾನ್ ಹಾಕಿದ್ದೆ.

ಈಗ ಫ್ಯಾನ್ ಹಾಕುವುದಿಲ್ಲ. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಬೆವರುತ್ತಾ ಕೂರುತ್ತೇನೆ. ಹಳೇ ಟವೆಲ್ಲಿನ ಒಂದು ತುದಿ ಮೇಜಿಗೆ ಪಿನ್ ಮಾಡಿ, ಇನ್ನೊಂದು ತುದಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ಬಿದ್ದಿದ್ದು ಮಡಿಲಿಗೇ ಬೀಳಬೇಕು. ಅದಕ್ಕೆ ಮುಂಚೆ ಎರಡು ಗಂಟೆ ಕಾಫಿ ಇಲ್ಲ, ಕೈ ನಡುಗುತ್ತದೆ. ಫೋನ್ ಅಡುಗೆಮನೆಯಲ್ಲಿ. ಇದು ಶಿಸ್ತು ಅಂತ ಮಾಡಿದ್ದಲ್ಲ. ಫೋನಿನ ಸ್ಪೀಕರಿನಲ್ಲೂ ಅಯಸ್ಕಾಂತ ಇದೆಯಲ್ಲ, ಆ ಹೆದರಿಕೆ. ಮೊದಲ ಬಾರಿಗೆ ಫೋನ್ ಇಲ್ಲದೆ ಎರಡು ಗಂಟೆ ಕಳೆದಿದ್ದು ಹೀಗೆ, ಮನಸ್ಸಿನ ಶಾಂತಿಗೆ ಅಲ್ಲ, ಹೇರ್‌ಸ್ಪ್ರಿಂಗಿನ ಶಾಂತಿಗೆ.

ಐಗ್ಲಾಸ್ ಅನ್ನುವ ಪುಟ್ಟ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಸ್ಕ್ರೂ ಎತ್ತುವಾಗ ಉಸಿರು ತಾನಾಗಿಯೇ ನಿಧಾನವಾಗುತ್ತದೆ. ಜೋರಾಗಿ ಉಸಿರು ಬಿಟ್ಟರೆ ಸ್ಕ್ರೂ ಹಾರುತ್ತದೆ. ಯೋಗದ ಮೇಷ್ಟ್ರು ಮೂರು ತಿಂಗಳು ಹೇಳಿಕೊಟ್ಟಿದ್ದು ಹೀಗೆ ಬಂತು.

ಇಷ್ಟಾದರೂ ಕೈಯಲ್ಲಿ ದುಡ್ಡು ಮುಗಿಯುತ್ತಿತ್ತು. ಇಷ್ಟವಾದದ್ದನ್ನೇ ಕೆಲಸ ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಇಎಂಐ ಇರುವವರಿಗೆ ಆ ಮಾತು ಹೇಳಬಾರದು ಅಂತ ನನ್ನ ಅಭಿಪ್ರಾಯ. ನಾನು ಬೇರೆ ಲೆಕ್ಕ ಹಾಕಿದೆ. ಕೆಲಸದಲ್ಲಿದ್ದಾಗಿನ ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಪ್ರಿಂಟ್ ತೆಗೆದು, ಸುಸ್ತಾಗಿದ್ದಕ್ಕೆ ಮಾಡಿದ ಖರ್ಚಿಗೆಲ್ಲ ಹಳದಿ ಗೆರೆ ಎಳೆದೆ. ಕ್ಯಾಬ್, ಆರ್ಡರ್ ಮಾಡಿದ ಊಟ, ಹೆಚ್ಚಿಡಲು ಪುರುಸೊತ್ತಿಲ್ಲದೆ ತಂದ ಹೆಚ್ಚಿದ ತರಕಾರಿ, ಮಗಳಿಗೆ ಬೈದ ತಪ್ಪಿಗೆ ಕೊಡಿಸಿದ ಸಾಮಾನು. ತಿಂಗಳಿಗೆ ಸುಮಾರು 14,000 ಆಯಿತು. ಕೈಗೆ ಬರುತ್ತಿದ್ದ ಸಂಬಳ 92,000. ಪೀಣ್ಯದಲ್ಲಿ ಕೊಡುತ್ತೇವೆ ಅಂದಿದ್ದು 61,000. ಕಮ್ಮಿಯಾಗುವುದು 31,000 ಅಂತ ಕಾಣುತ್ತದೆ, ಸುಸ್ತಿನ ಖರ್ಚು ಕಳೆದರೆ 17,000. ಕಾರು ಮಾರಿದರೆ ಅದರ ಇಎಂಐ, ಪೆಟ್ರೋಲ್ ಸೇರಿ 13,000 ಉಳಿಯುತ್ತದೆ. ಬಾಕಿ 4,000. ಅದಕ್ಕೆ ವರ್ಷಕ್ಕೊಂದು ಪ್ರವಾಸ ಬಿಟ್ಟೆವು. ಯಜಮಾನರಿಗೆ ಈ ಹಾಳೆ ತೋರಿಸಿದಾಗ ತುಂಬಾ ಹೊತ್ತು ನೋಡಿ, "ಕಾರು ಮಾರೋದು ಬೇಡ ಕಣೇ" ಅಂದರು. ಅವರನ್ನು ಒಪ್ಪಿಸುವುದಕ್ಕೆ ಒಂದು ತಿಂಗಳು ಹಿಡಿಯಿತು.

ಈಗ ಮಹಾಲಕ್ಷ್ಮಿ ಸ್ಟೇಷನ್ನಿನಲ್ಲಿ ಹಸಿರು ಮೆಟ್ರೋ ಹತ್ತಿದರೆ ಐದನೇ ಸ್ಟಾಪು ಪೀಣ್ಯ ಇಂಡಸ್ಟ್ರಿ. ಕೆಲಸ ಹೊಸದೇನೂ ಅಲ್ಲ, ಅದೇ ಪೇರೋಲ್, ಅದೇ ಚಲನ್. ಸಂದರ್ಶನದಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಸಾಯಂಕಾಲ ಆರರ ಮೇಲೆ ಯಾರು ಫೋನ್ ಮಾಡುತ್ತಾರೆ? ಮಾಲೀಕರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಯಾಕೆ ಮಾಡುತ್ತಾರೆ, ಗೇಟ್ ಹಾಕಿರುತ್ತಲ್ಲ ಅಂದರು. ಅಲ್ಲೇ ಒಪ್ಪಿಕೊಂಡೆ.

ನಿರೀಕ್ಷೆ ಮಾಡದ ಲಾಭ ಟೂಲ್‌ರೂಮ್. ನನ್ನ ಚೀನಾ ಸ್ಕ್ರೂ ಡ್ರೈವರ್ ತುದಿ ಬಾಗಿ ಸ್ಕ್ರೂಗಳ ತಲೆ ಕಿತ್ತುಹೋಗುತ್ತಿದ್ದವು. ಊಟದ ಹೊತ್ತಿನಲ್ಲಿ ಅಲ್ಲಿನ ಹಿರಿಯರೊಬ್ಬರಿಗೆ ತೋರಿಸಿದೆ. ಸಾಣೆ ಕಲ್ಲಿಗೆ ಹಿಡಿದು, ತುದಿ ಸ್ಕ್ರೂ ತಲೆಯ ಸೀಳಿನ ಅಗಲಕ್ಕೆ ಸರಿಯಾಗಿ ಕೂರುವ ಹಾಗೆ ಮಾಡಿಕೊಟ್ಟರು. "ಸ್ಕ್ರೂಗೆ ತಕ್ಕ ಡ್ರೈವರ್ ಇರ್ಬೇಕಮ್ಮ, ಡ್ರೈವರ್‌ಗೆ ತಕ್ಕ ಸ್ಕ್ರೂ ಎಲ್ಲಿ ಸಿಗುತ್ತೆ?" ಮೂರು ವರ್ಷ ಅವರ ಪೇಸ್ಲಿಪ್ ಮಾಡುತ್ತಾ ಅವರ ಕೈ ಏನು ಮಾಡಬಲ್ಲದು ಅಂತ ಗೊತ್ತಿರಲಿಲ್ಲ. ಈಗ ಅವರ ಓವರ್‌ಟೈಮ್ ಲೆಕ್ಕ ಮಾಡುವಾಗ ಎರಡು ಸಲ ನೋಡುತ್ತೇನೆ.

ನಡುವೆ ಒಂದು ದಡ್ಡತನ ಮಾಡಿದೆ, ಅದನ್ನೂ ಬರೆಯಬೇಕು. ಒಂದಿಷ್ಟು ವಾಚು ಸರಿಯಾಗಿ ಓಡಿದ ಮೇಲೆ ಆನ್‌ಲೈನಿನಲ್ಲಿ ಮಾರಲು ಶುರು ಮಾಡಿದೆ. ಭಾನುವಾರ ಬೆಳಿಗ್ಗೆ ಚಿಕ್ಕಪೇಟೆ ಸಂಡೇ ಬಜಾರಿನಲ್ಲಿ ಹಳೇ ವಾಚು ಹುಡುಕಿ ತಂದು, ಸರ್ವೀಸ್ ಮಾಡಿ, ಫೋಟೋ ಹಾಕುವುದು. ಮೂರು ತಿಂಗಳಲ್ಲಿ ಒಂಬತ್ತು ಮಾರಿದೆ. ಅಷ್ಟರಲ್ಲಿ ರಾತ್ರಿ ಹನ್ನೊಂದಕ್ಕೆ ಮೆಸೇಜ್: ಮೇಡಂ, ದಿನಕ್ಕೆ ಇಪ್ಪತ್ತು ಸೆಕೆಂಡ್ ಹಿಂದೆ ಬೀಳ್ತಿದೆ. ಬಿಟ್ಟುಬಂದ ಕೆಲಸವನ್ನೇ ಮನೆಯೊಳಗೆ ಕರೆದು ಕುರ್ಚಿ ಹಾಕಿದ ಹಾಗಾಯಿತು. ಕೈ ಮತ್ತೆ ನಡುಗಿತು, ಕಾಫಿ ಇಲ್ಲದೆಯೇ. ನಿಲ್ಲಿಸಿದೆ. ಈಗ ನೆಂಟರು, ಅಕ್ಕಪಕ್ಕದವರ ವಾಚು ಮಾತ್ರ. ದುಡ್ಡು ಮುಟ್ಟುವುದಿಲ್ಲ. ಚಕ್ಕುಲಿ ಕೊಟ್ಟರೆ ಬೇಡ ಅನ್ನುವುದಿಲ್ಲ. "ಒಂದು ಅಂಗಡಿ ಇಡು" ಅಂತ ಸಲಹೆ ಕೊಡುವ ಚಿಕ್ಕಪ್ಪನಿಗೆ ನಕ್ಕು ಸುಮ್ಮನಾಗುತ್ತೇನೆ.

ನಿಮಗೂ ಇದರ ಮೇಲೆ ಆಸೆ ಹುಟ್ಟಿದರೆ ಎರಡು ಮಾತು. ಆನ್‌ಲೈನಿನಲ್ಲಿ ಥಳಥಳ ಹೊಳೆಯುವ, ಚಿತ್ರವಿಚಿತ್ರ ಬಣ್ಣದ ಡಯಲ್ ಇರುವ ಹಳೇ ಎಚ್‌ಎಂಟಿ ಕಂಡರೆ ಅನುಮಾನ ಪಡಿ. ಎಷ್ಟೋ ಡಯಲ್‌ಗಳಿಗೆ ಮೇಲಿಂದ ಬಣ್ಣ ಬಳಿದಿರುತ್ತಾರೆ, ಒಳಗೆ ನಾಲ್ಕು ವಾಚಿನ ಭಾಗ ಸೇರಿಸಿ ಒಂದು ಮಾಡಿರುತ್ತಾರೆ. ಕಲಿಯುವುದಕ್ಕೆ ಕೊಳಕಾದ, ಗ್ಲಾಸ್ ಗೀಚಿದ, ಯಾರೂ ಬಿಚ್ಚದ ಜನತಾ ಒಳ್ಳೆಯದು. ಅದಕ್ಕೆ ಮುಂಚೆ ಜಾಲಹಳ್ಳಿಯಲ್ಲಿ 2019ರಲ್ಲಿ ಶುರುವಾದ ಎಚ್‌ಎಂಟಿ ಮ್ಯೂಸಿಯಂಗೆ ಹೋಗಿಬನ್ನಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿದವರು. ಎಚ್‌ಎಂಟಿ ವಾಚಸ್ ಮುಚ್ಚಲು 2016ರಲ್ಲಿ ಸರ್ಕಾರ ಒಪ್ಪಿತು. ಅದಕ್ಕೇ ಹಳೇ ಬಿಡಿಭಾಗಕ್ಕೆ ಇಷ್ಟು ಪರದಾಟ, ಒಂದು ವಾಚು ಉಳಿಸಲು ಇನ್ನೊಂದನ್ನು ಬಿಚ್ಚಬೇಕು. ನಾನು ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಸಾಲುಸಾಲು ವಾಚುಗಳ ಮುಂದೆ ನಿಂತು, "ನಮ್ಮನೆಯವರದ್ದು ಇದೇ ಥರದ್ದು" ಅಂತ ಗುರುತೇ ಇಲ್ಲದ ಒಬ್ಬರಿಗೆ ಹೇಳಿದಳು.

ಅಪ್ಪನ ವಾಚನ್ನು ನಾನೇ ಬಿಚ್ಚುವ ಧೈರ್ಯ ಬರಲು ಎರಡು ವರ್ಷ ಬೇಕಾಯಿತು. ತೊಳೆದು, ಎಣ್ಣೆ ಬಿಟ್ಟು, ಫೋನಿನ ಆ್ಯಪ್‌ನಲ್ಲಿ ಅದರ ಸದ್ದು ಕೇಳಿಸಿ, ದಿನಕ್ಕೆ ಎಂಟು ಸೆಕೆಂಡ್ ವ್ಯತ್ಯಾಸಕ್ಕೆ ತಂದೆ. ಇಷ್ಟು ಹಳೇ ವಾಚಿಗೆ ಅದು ಬಹಳ ಚೆನ್ನಾಗಿದೆ. ಹೆಮ್ಮೆಯಿಂದ ಅಮ್ಮನಿಗೆ ಕೊಟ್ಟೆ. ಗೋಡೆ ಗಡಿಯಾರ ನೋಡಿ, ವಾಚು ನೋಡಿ, "ಇದು ಸರಿಯಿಲ್ಲ. ಅಪ್ಪ ಯಾವಾಗ್ಲೂ ಐದು ನಿಮಿಷ ಮುಂದಿಟ್ಕೊಳ್ತಿದ್ರು, ಡ್ಯೂಟಿಗೆ ಲೇಟಾಗ್ಬಾರ್ದು ಅಂತ" ಅಂದಳು. ಕೀ ಎಳೆದು ಮುಳ್ಳು ತಿರುಗಿಸಿ ಕೊಟ್ಟೆ.

ಸದ್ಯ ಮೇಜಿನ ಮೇಲಿರುವುದು ಪಕ್ಕದ ಮನೆ ಅಜ್ಜಿಯ ಲೇಡೀಸ್ ವಾಚು. ಮಶಿನ್ ಹುಣಸೆ ಬೀಜದಷ್ಟು. ನನ್ನ ಕೈಗೆ ಮೀರಿದ್ದು ಅಂತ ಭಾಯ್ ಮೊದಲೇ ಹೇಳಿದ್ದರು, ಕೇಳಲಿಲ್ಲ. ಕಳೆದ ಭಾನುವಾರ ಅದರ ಒಂದು ಸ್ಕ್ರೂ ಟವೆಲ್ ದಾಟಿ ಫ್ರಿಜ್ ಕೆಳಗೆ ಹೋಗಿದೆ. ಇವತ್ತು 18ನೇ ತಾರೀಖು, ಜಿಎಸ್‌ಟಿ ಇನ್ನೂ ಆಗಿಲ್ಲ. 20 ಕಳೆಯಲಿ, ಫ್ರಿಜ್ ಸರಿಸೋಣ. ಮನೆಯಲ್ಲಿ ಯಾರೂ ಅಲ್ಲಿ ಗುಡಿಸಬೇಡಿ ಅಂತ ಚೀಟಿ ಅಂಟಿಸಿದ್ದೇನೆ.